ಕಾರಣ ಬರೆಯದ ಷರತ್ತು

ನಾನು ಜೀವಮಾನದಲ್ಲಿ ಒಂದೇ ಒಂದು ಕೃತಿಯನ್ನು ಪರಿಷ್ಕರಿಸಿದ್ದೇನೆ. ಅದರಲ್ಲಿ ಕಥೆಯಿಲ್ಲ, ಛಂದಸ್ಸಿಲ್ಲ, ಕೊನೆಗೆ ಫಲಶ್ರುತಿಯೂ ಇಲ್ಲ. ಕರೆಂಟು ಬಂದಾಗ ಹೊಲದ ಬಾವಿಯ ಪಂಪನ್ನು ತಾನಾಗಿಯೇ ಶುರು ಮಾಡುವ ಒಂದು ತಗಡಿನ ಪೆಟ್ಟಿಗೆಯ ಪ್ರೋಗ್ರಾಂ ಅದು. ಪೆಟ್ಟಿಗೆಗೆ ಜನ ಆಟೋ ಸ್ಟಾರ್ಟರ್ ಎನ್ನುತ್ತಿದ್ದರು. ಮೂಲ ಕರ್ತೃ ನನ್ನ ಗೆಳೆಯ, ಸಂಪಾದಕ ನಾನು. ಮೂಲ ಕರ್ತೃವಿಗೆ ಮಾಡಬಾರದ್ದನ್ನು ಮಾಡುವುದು ಸಂಪಾದಕರಿಗೆ ಹೊಸದಲ್ಲ. ಆದರೆ ಸಾಮಾನ್ಯವಾಗಿ ಅವರು ಕರ್ತೃ ಸತ್ತು ಎಷ್ಟೋ ವರ್ಷಗಳಾದ ಮೇಲೆ ಮಾಡುತ್ತಾರೆ. ನಾನು ಅಷ್ಟು ಕಾಯಲಿಲ್ಲ.

ಸಾಂಗಲಿಯಿಂದ ಮಿರಜಿಗೆ ಹೋಗುವ ರಸ್ತೆಯ ಎರಡೂ ಬದಿಯ ಜೋಳದ ಹೊಲಗಳು ಒಂದೊಂದಾಗಿ ಮಂಗಲ ಕಾರ್ಯಾಲಯಗಳಾಗುತ್ತಿದ್ದ ಕಾಲ. ದಿಲ್ಲಿಯವರು ದೇಶದ ಬಾಗಿಲು ತೆರೆದಿದ್ದಾರೆ ಎಂದು ಪೇಪರಿನಲ್ಲಿ ಬರುತ್ತಿತ್ತು. ಆ ಬಾಗಿಲಿನಿಂದ ಮಿರಜಿನ ನಮ್ಮ ಶೆಡ್ಡಿನವರೆಗೆ ಬಂದದ್ದು ಬೆರಳುದ್ದದ ಕಪ್ಪು ಎಲೆಕ್ಟ್ರಾನಿಕ್ ಚಿಪ್ಪುಗಳು. ನಾವಿಬ್ಬರೂ ಒಟ್ಟಿಗೆ ಡಿಪ್ಲೊಮಾ ಓದಿದವರು. ಅವನ ಮನೆಯವರದು ಸಾಂಗಲಿ ಪೇಟೆಯಲ್ಲಿ ಅರಿಶಿನದ ವ್ಯಾಪಾರ. ಗಾದಿಯ ಮೇಲೆ ಕೂಡಲು ಒಲ್ಲೆನೆಂದು ಅವನು ಎದ್ದುಬಂದಿದ್ದ. ನಾನು ಲಿಂಗನೂರಿನ ಕಡೆಯ ಒಕ್ಕಲುತನದವರ ಮಗ, ಏಳುವುದಕ್ಕೆ ನನಗೆ ಗಾದಿಯೂ ಇರಲಿಲ್ಲ. ಶೆಡ್ಡಿನಲ್ಲಿ ಕೆಲಸ ಹಂಚಿಕೊಂಡಿದ್ದೆವು: ಅವನು ಚಿಪ್ಪಿನೊಂದಿಗೆ ಮಾತಾಡುವುದು, ನಾನು ಗಿರಾಕಿಗಳೊಂದಿಗೆ. ಚಿಪ್ಪು ಹೆಚ್ಚು ಸಭ್ಯವಾಗಿತ್ತು ಎಂದು ನನ್ನ ಅಭಿಪ್ರಾಯ.

ಅವನ ಕೆಲಸದ ರೀತಿ ಹೀಗಿತ್ತು. ಯಾವುದೋ ಊರಿನಿಂದ ತಕರಾರು ಬರುವುದು. ಅವನು ಎಸ್.ಟಿ. ಬಸ್ಸು ಹಿಡಿದು ಹೋಗಿ, ಆ ಬಾವಿಯ ದಂಡೆಯ ಮೇಲೆ ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಇಡೀ ದಿನ ಕೂಡುವನು. ತಿರುಗಿ ಬಂದು ಪ್ರೋಗ್ರಾಮಿಗೆ ಒಂದು ಷರತ್ತು ಸೇರಿಸುವನು. ಲಿಂಗನೂರಿನಲ್ಲಿ ಸಂಜೆ ಹಿಟ್ಟಿನ ಗಿರಣಿ ಶುರುವಾದರೆ ವೋಲ್ಟೇಜು ಕುಸಿಯುತ್ತಿತ್ತು, ಅದಕ್ಕೊಂದು ಷರತ್ತು. ಖಂಡೇರಾಜುರಿಯಲ್ಲಿ ಮೂರು ಫೇಜುಗಳಲ್ಲಿ ಒಂದು ಬಂದು ಹೋಗಿ ಆಟ ಆಡುತ್ತಿತ್ತು, ಅದಕ್ಕೊಂದು. ಹೊಸದನ್ನು ಹಳೆಯದರ ಹೊಟ್ಟೆಯೊಳಗೆ ಇಡುವನು. ಹಳೆಯದನ್ನು ಎಂದೂ ತೆಗೆಯುತ್ತಿರಲಿಲ್ಲ. ಕಾರಣವನ್ನು ಎಂದೂ ಬರೆಯುತ್ತಿರಲಿಲ್ಲ. ಕೇಳಿದರೆ ತಲೆ ಮುಟ್ಟಿ ತೋರಿಸಿ, ನೆನಪೈತಿ ಎನ್ನುವನು.

ಅದು ಯಂತ್ರದ ಸ್ವಂತ ಭಾಷೆ, ಅಸೆಂಬ್ಲಿ. ಅದರಲ್ಲಿ ಹೀಗಾದರೆ ಹೀಗೆ ಮಾಡು ಎಂದು ಮನುಷ್ಯರ ಹಾಗೆ ಹೇಳಲು ಬರುವುದಿಲ್ಲ. ಒಂದು ಬಿಟ್ಟನ್ನು, ಎಂದರೆ ಸೊನ್ನೆಯೋ ಒಂದೋ ಕೂತಿರುವ ಮನೆಯನ್ನು, ನೋಡು, ಸೊನ್ನೆಯಾಗಿದ್ದರೆ ಆ ಸಾಲಿಗೆ ಜಿಗಿ; ಇನ್ನೊಂದು ನೋಡು, ಸೊನ್ನೆಯಾಗಿಲ್ಲದಿದ್ದರೆ ಈ ಸಾಲಿಗೆ ಜಿಗಿ. ಅಷ್ಟೇ. ವರ್ಷಗಳು ಕಳೆದಂತೆ ನಮ್ಮ ಪ್ರೋಗ್ರಾಂ ಹದಿಮೂರು ಷರತ್ತುಗಳ ಆಳಕ್ಕೆ ಇಳಿದಿತ್ತು. ಒಳಗೆ ಹೊಕ್ಕವನು ಕೋಣೆಯಿಂದ ಕೋಣೆಗೆ ಜಿಗಿಯುತ್ತ ಹೋಗಿ, ಕೊನೆಗೆ ಹಿತ್ತಲಿನಲ್ಲಿ ಬಿದ್ದು, ತಾನು ಯಾತಕ್ಕೆ ಬಂದೆ ಎಂಬುದನ್ನೇ ಮರೆಯುತ್ತಿದ್ದ. ಆದರೆ ಪೆಟ್ಟಿಗೆ ಮಾತ್ರ ನಡೆಯುತ್ತಿತ್ತು. ಸುತ್ತಲಿನ ಹತ್ತಾರು ಊರಿನ ಬಾವಿಗಳ ಮೇಲೆ ಕೂತು, ಮಳೆ ಬಿಸಿಲೆನ್ನದೆ ನಡೆಯುತ್ತಿತ್ತು.

ಆಗ ಪುಣೆಯ ಒಂದು ಕಂಪನಿಯವರು ಬಂದರು. ನಮ್ಮ ಪೆಟ್ಟಿಗೆಯನ್ನು ತಾವೇ ದೊಡ್ಡ ಪ್ರಮಾಣದಲ್ಲಿ ತಯಾರಿಸಬೇಕೆಂದು ಅವರ ಇಚ್ಛೆ. ಜೊತೆಗೆ ಬಂದ ತರುಣ ಎಂಜಿನಿಯರು, ತೂತಿನ ಅಂಚಿನ ಉದ್ದ ಕಾಗದದ ಮೇಲೆ ಅಚ್ಚಾಗಿದ್ದ ಪ್ರೋಗ್ರಾಮನ್ನು ನೆಲದ ಮೇಲೆ ಹಾಸಿ, ಪಂಚಾಂಗ ನೋಡುವವನಂತೆ ಬಹಳ ಹೊತ್ತು ನೋಡಿದ. ಕೊನೆಗೆ ಮರಾಠಿಯಲ್ಲಿ, ಇದು ಯಾರಿಗೆ ಓದಲು ಬರುತ್ತದೆ ಎಂದು ಕೇಳಿದ. ಗೆಳೆಯ ಕೈ ಎತ್ತಿದ. ಇವರನ್ನು ಬಿಟ್ಟು ಮತ್ತೆ ಯಾರಿಗೆ ಎಂದು ಕೇಳಿದ. ನಾನು ಕಾಗದದ ಸುರುಳಿಯ ತುದಿ ನೇರ ಮಾಡಿದೆ. ನಾಳೆ ಇವರಿಗೆ ಏನಾದರೂ ಆದರೆ ಹೇಗೆ ಎಂದ ಆ ಹುಡುಗ. ಅವರ ಕಂಪನಿಯಲ್ಲಿ ಎಲ್ಲರಿಗೂ ಕೇಳುವ ಪ್ರಶ್ನೆಯಂತೆ ಅದು, ಅದರಲ್ಲಿ ಕೇಡೇನೂ ಇರಲಿಲ್ಲ. ಗೆಳೆಯನ ದನಿ ಆಗಲೇ ಎರಡು ತಿಂಗಳಿಂದ ಒಡೆದಿತ್ತು. ಅರಿಶಿನದ ಧೂಳು ಎಂದು ಅವನ ಮನೆಯವರೆಂದರು, ನಾನೂ ಹೂಂ ಎಂದಿದ್ದೆ.

ಅದು ಧೂಳಾಗಿರಲಿಲ್ಲ. ಮಿರಜಿನ ಆಸ್ಪತ್ರೆಯಲ್ಲಿ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಆಪರೇಷನ್ನಿನ ಹಿಂದಿನ ದಿನ ನಾನು ಹೋದಾಗ ಅವನು ಮಂಚದ ಮೇಲೆ ಕಾಲು ಮಡಚಿ ಕೂತಿದ್ದ. ಅವನ ಹೆಂಡತಿ, ನನಗೆ ವೈನಿ, ಪಕ್ಕದಲ್ಲಿ ಮೋಸಂಬಿ ಸುಲಿಯುತ್ತಿದ್ದರು.

"ಪುಣೇದವ್ರಿಗೆ ಓದಾಕ ಬರೂಹಂಗ ನೀನ ಬರಿ," ಎಂದ ಗೆಳೆಯ, ಒಡಕು ದನಿಯಲ್ಲಿ. "ಆದ್ರ ನನ್ನ ಕೇಳದ ಒಂದೂ ಷರತ್ ತೆಗೀಬ್ಯಾಡ."

"ಕೇಳಿದ್ರ ಹೆಂಗ ಹೇಳ್ತೀ? ನಾಳಿಂದ ನಿನ್ನ ಬಾಯಿ ಬಂದ್."

"ನಿಮ್ಮ ವೈನಿ ಪಾಟಿ ತಂದಿಟ್ಟಾಳ. ಮದವಿ ಆದಾಗಿಂದ ಇದ ದಿನದ ದಾರಿ ಕಾಯಾಕತ್ತಿದ್ಲು."

ವೈನಿ ತಲೆ ಎತ್ತದೆ, "ಹೌದ್ರಿ ಭಾವಜಿ, ಹರಕಿ ಹೊತ್ತಿದ್ನಿ," ಎಂದರು. ಅವರ ಕೈಯ ಮೋಸಂಬಿ ಮಾತ್ರ ಸುಲಿದಲ್ಲೇ ನಿಂತಿತ್ತು.

"ಆತು. ನೀ ಹೂಂ ಅನ್ನದ ಒಂದೂ ತೆಗ್ಯಾಂಗಿಲ್ಲ," ಎಂದೆ ನಾನು. ಅವನ ದನಿಗೆ ನಾನು ಕೊಟ್ಟ ಕೊನೆಯ ಉತ್ತರ ಅದೇ.

ಮುಂದಿನ ವಾರಗಳಲ್ಲಿ ನಾನು ಬೆಳಿಗ್ಗೆ ಶೆಡ್ಡಿನಲ್ಲಿ ಪ್ರೋಗ್ರಾಮನ್ನು ಬಿಡಿಸುವುದು, ಮಧ್ಯಾಹ್ನ ಕಾಗದದ ಸುರುಳಿ ಬಗಲಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋಗುವುದು. ನನ್ನ ಪರಿಷ್ಕರಣೆಯ ಸಿದ್ಧಾಂತವನ್ನು ತಹಶೀಲ್ದಾರ ಕಚೇರಿಯ ಗುಮಾಸ್ತರಿಂದ ಕಲಿತದ್ದು. ಅವರು ನಮ್ಮನ್ನು ಒಳಗೆ ಕರೆದು, ಕೂರಿಸಿ, ಎಲ್ಲ ಕಾಗದ ನೋಡಿ, ಹದಿಮೂರನೆಯ ಕೋಣೆಯಲ್ಲಿ ಆಗುವುದಿಲ್ಲ ಎನ್ನುವುದಿಲ್ಲ. ಮೊದಲ ಕಿಟಕಿಯಲ್ಲೇ ಅಂದುಬಿಡುತ್ತಾರೆ. ಹಾಗೆಯೇ ನಾನೂ ಮಾಡಿದೆ. ಫೇಜು ಇಲ್ಲವೇ, ಬಾಗಿಲಲ್ಲೇ ವಾಪಸು. ವೋಲ್ಟೇಜು ಕಡಿಮೆಯೇ, ವಾಪಸು. ಬಾವಿಯಲ್ಲಿ ನೀರಿಲ್ಲವೇ, ವಾಪಸು. ಇಷ್ಟು ದಾಟಿದವರಿಗೆ ಕೊನೆಯಲ್ಲಿ ಒಂದೇ ಸಾಲು: ಮೋಟಾರು ಶುರು ಮಾಡು. ಗೂಡಿನೊಳಗೆ ಗೂಡಾಗಿದ್ದದ್ದು ಒಂದರ ಕೆಳಗೆ ಒಂದು ಸಾಲಾಗಿ ನಿಂತಿತು. ಇಲ್ಲದಿಲ್ಲದಿದ್ದರೆ ಎಂಬಂಥ ಎರಡು ನಕಾರಗಳನ್ನು ಒಂದು ಹೌದಿಗೆ ಇಳಿಸಿದೆ. ಬರಿಯ ಅಂಕಿಗಳಾಗಿದ್ದ ಬಿಟ್ಟುಗಳಿಗೆ ಹೆಸರಿಟ್ಟೆ. ನಾಮಕರಣ ಮಾಡುವಾಗ ಪೇಢೆ ಹಂಚಲಿಲ್ಲ, ಅಷ್ಟೇ ಕೊರತೆ.

ಒಂದೊಂದು ಷರತ್ತಿಗೂ ಅವನನ್ನು ಕೇಳಿದೆ. ಅವನು ಪಾಟಿಯ ಮೇಲೆ ಬಳಪದಿಂದ ಉತ್ತರ ಬರೆಯುವನು, ನಾನು ಅದನ್ನು ಪ್ರೋಗ್ರಾಮಿನಲ್ಲಿ ಆ ಸಾಲಿನ ಪಕ್ಕ ಟಿಪ್ಪಣಿಯಾಗಿ ಇಳಿಸಿಕೊಳ್ಳುವೆ. ಲಿಂಗನೂರು, ಗಿರಣಿ. ಖಂಡೇರಾಜುರಿ, ತಂತಿಗೆ ತಂತಿ ತಾಗುತ್ತದೆ. ಕೆಲವನ್ನು ಅವನೇ ಬೇಡವೆಂದು ಗೀಟು ಹೊಡೆದ. ಎಲ್ಲ ಸರಿಯಿದ್ದರೂ ಹತ್ತು ಎಣಿಸುವವರೆಗೆ ಸುಮ್ಮನಿರು ಎಂಬ ಷರತ್ತೊಂದಿತ್ತು. ಇದು ಯಾಕೆಂದರೆ, ಒಬ್ಬ ರೈತ ಸಿಟ್ಟಿಗೆದ್ದು ಪೆಟ್ಟಿಗೆಗೆ ಚಪ್ಪಲಿಯಿಂದ ಹೊಡೆಯುತ್ತಿದ್ದ, ಹೊಡೆದ ಕೂಡಲೇ ಮೋಟಾರು ಶುರುವಾದರೆ ಅದೇ ಚಟ ಬೀಳುತ್ತದೆ ಎಂದು ಬರೆದು, ಸದ್ದಿಲ್ಲದೆ ಭುಜ ಕುಣಿಸಿ ನಕ್ಕ. ಕತ್ತಿಗೆ ಕಟ್ಟಿದ್ದ ಬಿಳಿ ಬಟ್ಟೆಯೂ ಕುಣಿಯಿತು. ಹದಿನೈದು ವರ್ಷದ ನಮ್ಮ ಸ್ನೇಹದಲ್ಲಿ ಅವನು ನನಗೆ ಇಷ್ಟು ವಿವರವಾಗಿ ಏನನ್ನೂ ಹೇಳಿರಲಿಲ್ಲ. ದನಿ ಹೋದ ಮೇಲೆ ವಾಚಾಳಿಯಾದ ಎಂದು ವೈನಿಗೆ ಹೇಳಿದೆ.

ಕೊನೆಗೆ ಒಂದು ಉಳಿಯಿತು.

ಪೆಟ್ಟಿಗೆಯೊಳಗಿನ ಸಣ್ಣ ಬ್ಯಾಟರಿಯ ಬಲದಿಂದ ಚಿಪ್ಪು ಕರೆಂಟು ಇಲ್ಲದ ಹೊತ್ತನ್ನು ಎಣಿಸುತ್ತಿತ್ತು. ಆ ಷರತ್ತು ಹೇಳುತ್ತಿದ್ದದ್ದು ಇಷ್ಟು: ಕರೆಂಟು ನಾಲ್ಕು ತಾಸಿಗಿಂತ ಹೆಚ್ಚು ಹೋಗಿದ್ದರೆ, ಬಂದಾಗ ಮೋಟಾರನ್ನು ಎರಡು ನಿಮಿಷ ನಡೆಸು, ನಿಲ್ಲಿಸು, ಹತ್ತು ನಿಮಿಷ ಸುಮ್ಮನಿರು, ಆಮೇಲೆ ಮತ್ತೆ ಶುರು ಮಾಡು. ಪುಣೆಯ ಎಂಜಿನಿಯರು ಅದರ ಸುತ್ತ ಕೆಂಪು ಶಾಯಿಯಿಂದ ಎರಡು ಸುತ್ತು ಹಾಕಿ ಕಳಿಸಿದ್ದ. ಶುರುವಾಗುವಾಗಲೇ ಮೋಟಾರಿಗೆ ಹೆಚ್ಚು ಪೆಟ್ಟು. ಒಂದು ಸಲ ಆಗುವುದನ್ನು ಎರಡು ಸಲ ಮಾಡಿಸುವ ಈ ಜಾಣತನ ಯಾವುದು ಎಂದು ಅವನ ಪ್ರಶ್ನೆ. ನನಗೂ ಅದೇ ಅನ್ನಿಸಿತ್ತು. ಗೆಳೆಯನಿಗೆ ತೋರಿಸಿದೆ.

ಅವನು ಪಾಟಿಯ ಮೇಲೆ ಬರೆದ: ಇರಲಿ.

ಯಾಕೆ ಎಂದು ಕೇಳಿದೆ. ಅಂಗೈಯಿಂದ ಒರೆಸಿ ಮತ್ತೆ ಬರೆದ: ಇರಲಿ.

ನಾನು ಅವನಿಗೆ ಒಂದು ಉಪನ್ಯಾಸ ಕೊಟ್ಟೆ. ಕಾರಣವಿಲ್ಲದ ಷರತ್ತಿಗೆ ಪ್ರೋಗ್ರಾಮಿನಲ್ಲಿ ಸ್ಥಾನವಿಲ್ಲ. ನಾಲ್ಕು, ಎರಡು, ಹತ್ತು ಇವು ಎಲ್ಲಿಂದ ಬಂದ ಅಂಕಿಗಳು. ನಾಳೆ ಓದುವವನು ಏನೆಂದು ತಿಳಿಯಬೇಕು. ರೋಗಿಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ಹೇಳಿದೆ. ಅವನು ಆ ಶಬ್ದದ ಕೆಳಗೆ ಒಂದು ಗೆರೆ ಎಳೆದ. ಬಳಪ ಮುರಿಯಿತು. ದಣಿದಾರ, ನಾಳೆ ಬರ್ರಿ ಎಂದು ವೈನಿ ನನ್ನನ್ನು ಎಬ್ಬಿಸಿದರು.

ನಾಲ್ಕೈದು ದಿನ ಆ ಷರತ್ತಿನೊಂದಿಗೆ ಗುದ್ದಾಡಿದೆ. ಅದೊಂದಕ್ಕಾಗಿ ಒಂದು ಗುರುತಿನ ಬಿಟ್ಟನ್ನು ಮೂರು ಭಾಗಗಳ ತುಂಬ ಹೊತ್ತು ತಿರುಗಬೇಕಾಗಿತ್ತು. ಅದನ್ನು ತೆಗೆದರೆ ಇಡೀ ಪ್ರೋಗ್ರಾಂ ತೊಳೆದ ತಾಟಿನಂತೆ ಹೊಳೆಯುತ್ತಿತ್ತು. ಔಷಧದ ಅಮಲಿನಲ್ಲಿ ಬರೆದಿದ್ದಾನೆ ಎಂದುಕೊಂಡೆ. ತನ್ನ ಬರಹದ ಮೇಲಿನ ಮೋಹ ಎಂದುಕೊಂಡೆ. ಇರಲಿ ಎನ್ನುವುದು ಒಂದು ಕಾರಣವೇ ಎಂದು ನನ್ನನ್ನೇ ನಾನು ಕೇಳಿ, ಅಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ನ್ಯಾಯಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ತೆಗೆದೆ. ಪರೀಕ್ಷೆಗಳಲ್ಲೆಲ್ಲ ಪೆಟ್ಟಿಗೆ ಪಾಸಾಯಿತು.

ಅಚ್ಚು ಹಾಕಿದ ಹೊಸ ಪ್ರತಿಯನ್ನು ಅವನಿಗೆ ತೋರಿಸಲು ಒಯ್ದೆ. ತೋರಿಸದೆಯೂ ಇರಬಹುದಿತ್ತು. ಆದರೆ ಸಂಪಾದಕನಿಗೆ ಹೊಗಳಿಕೆಯ ಆಸೆ. ಅವನು ಮೊದಲ ಸಾಲಿನಿಂದ ಬೆರಳಿಟ್ಟು ಓದುತ್ತ ಹೋದ. ಹಳೆಯ ಪ್ರತಿಯಲ್ಲಿ ಏನನ್ನಾದರೂ ಹುಡುಕಲು ಬರೆದವನಿಗೇ ಅರ್ಧ ತಾಸು ಬೇಕಾಗುತ್ತಿತ್ತು. ನನ್ನ ಪ್ರತಿ ಎಷ್ಟು ಸ್ವಚ್ಛವಾಗಿತ್ತೆಂದರೆ, ಇಲ್ಲದಿರುವುದು ಒಂದೇ ನಿಮಿಷದಲ್ಲಿ ಅವನ ಕಣ್ಣಿಗೆ ಬಿತ್ತು. ಬೆರಳು ನಿಂತಿತು. ಮೇಲೆ ಹೋಗಿ ಮತ್ತೊಮ್ಮೆ ಕೆಳಗೆ ಬಂತು. ಆಮೇಲೆ ಅವನು ನನ್ನನ್ನು ನೋಡಿದ.

"ಪುಣೇದವ್ರು ಒಮ್ಮೆ ಪಾಸ್ ಮಾಡ್ಲಿ, ಮುಂದ ನೋಡೂಣು," ಎಂದೆ.

ಅವನು ಪಾಟಿ ಕೇಳಲಿಲ್ಲ. ಕಾಗದವನ್ನು ಅದರ ಮಡಿಕೆಗಳಿಗೆ ಸರಿಯಾಗಿ ಒಂದೊಂದೇ ಮಡಚಿ, ಅಂಚು ಕೂಡಿಸಿ, ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡ. ನಿದ್ದೆ ಬಂದಿರಬೇಕು ಎಂದು ನಾನು ಎದ್ದುಬಂದೆ. ನಿದ್ದೆಯಲ್ಲ ಎಂಬುದು ನನಗೆ ಗೊತ್ತಿತ್ತು. ಅದಾದ ಮೇಲೆ ಎರಡು ಸಲ ಹೋದೆ. ಆಗ ಅವನಿಗೆ ನೋವು ಮರೆಸುವ ಸೂಜಿ ಶುರುವಾಗಿತ್ತು, ಯಾರ ಗುರುತೂ ಹತ್ತುತ್ತಿರಲಿಲ್ಲ. ಮೂರನೆಯ ಸಲ ಹೋಗುವ ಮೊದಲೇ ವೈನಿಯ ತಮ್ಮ ಶೆಡ್ಡಿಗೆ ಬಂದು ಅವನು ಹೋದ ಸುದ್ದಿ ಹೇಳಿದ.

ಪುಣೆಯವರು ಪ್ರೋಗ್ರಾಂ ಪಾಸು ಮಾಡಿದರು. ಇಷ್ಟು ಸುಲಭವಾಗಿ ಓದಲು ಬರುವುದನ್ನು ಈ ಭಾಗದಲ್ಲಿ ಬೇರೆಲ್ಲೂ ನೋಡಿಲ್ಲ ಎಂದು ಎಂಜಿನಿಯರು ಪತ್ರ ಬರೆದ. ನಕ್ಷೆ, ಪ್ರೋಗ್ರಾಂ ಎಲ್ಲ ಅವರದಾಯಿತು. ನಮ್ಮ ಹಳೆಯ ಪೆಟ್ಟಿಗೆಗಳು ರಿಪೇರಿಗೆ ಬಂದಾಗ ನಾನು ಅವುಗಳಿಗೂ ಹೊಸ ಚಿಪ್ಪು ಹಾಕಿ ಕಳಿಸತೊಡಗಿದೆ. ಮೊದಮೊದಲು ಹಾಗೆ ಹೋದದ್ದರಲ್ಲಿ ಆರಗ ಎಂಬ ಊರಿನ ಒಂದು ಪೆಟ್ಟಿಗೆಯೂ ಇತ್ತು.

ತಿಂಗಳೊಪ್ಪತ್ತಿಗೆ ಆರಗದ ಆ ರೈತ ಫೋನು ಮಾಡಿದ. ಪಂಪಿನ ಪಕ್ಕದ ನಳ ಮುರಿದು ಹಾರಿಹೋಗಿದೆ, ನಿಮ್ಮ ಪೆಟ್ಟಿಗೆಯದೇ ಏನೋ ದೋಷವಿರಬೇಕು ಎಂದ. ಪೆಟ್ಟಿಗೆಗೂ ನಳಕ್ಕೂ ಏನು ಸಂಬಂಧ ಎಂದು ಜಗಳವಾಡಲು ನಾನು ಬಸ್ಸು ಹತ್ತಿದೆ.

ಹೊಲದಲ್ಲಿ ರೈತ ಇರಲಿಲ್ಲ. ಆಟೋ ಸ್ಟಾರ್ಟರ್ ಇದ್ದವನು ಹೊಲದಲ್ಲಿ ಇರಬೇಕಾಗಿಲ್ಲ ಎಂದು ನಾವೇ ಪ್ರಚಾರ ಮಾಡಿದ್ದೆವು. ಪಂಪಿನ ಕೋಣೆಯ ನೆರಳಿನಲ್ಲಿ ಖಾಲಿ ಕೊಡಗಳನ್ನಿಟ್ಟುಕೊಂಡು ನಾಲ್ಕೈದು ಹೆಂಗಸರು ಕೂತಿದ್ದರು. ನಡುವೆ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರು ಹಾಕಿಸಿಕೊಂಡ ಒಬ್ಬ ಮುದುಕಿ.

"ಮಿಷಿನ್ನಿನವ್ರೇನ್ರಿ?" ಎಂದಳು.

"ಹೌದು ಆಯಿ."

"ಮದ್ಲ ಒಬ್ರು ಬರ್ತಿದ್ರಲ್ಲ, ಎತ್ತರದವ್ರು, ತಂಬಾಕ ತಿಕ್ಕೋತ ಕುಂದ್ರವ್ರು. ಅವ್ರ್ಯಾಕ ಬರ್ಲಿಲ್ಲ?"

"ಅವ್ರಿಗೆ ಆರಾಮಿಲ್ಲ," ಎಂದೆ.

ಅವಳು ಹೇಳಿದ್ದು ಇದು. ಅಲ್ಲಿ ಹೊಲದಾಚೆ ಒಂದು ವಸ್ತಿ, ಏಳೆಂಟು ಮನೆ. ಅವರಿಗೆ ಸ್ವಂತ ಬಾವಿಯಿಲ್ಲ. ಪಂಪಿನ ಪಕ್ಕ ಪೈಪಿಗೆ ಒಂದು ನಳ ಕೂರಿಸಿದ್ದು ಅವರಿಗಾಗಿ. ಆದರೆ ಮೋಟಾರು ನಡೆಯುವಾಗ ಆ ನಳ ತೆರೆಯಲು ಆಗದು, ನೀರು ಕೊಡವನ್ನೇ ಕೈಯಿಂದ ಕಿತ್ತೊಗೆಯುತ್ತದೆ. ಅದಕ್ಕೇ ಮೊದಲಿನಿಂದ ಒಂದು ರೂಢಿ ಇತ್ತು. ಕರೆಂಟು ಬಂದಾಗ ಗುಂಡಿ ಒತ್ತಲು ಬಂದ ಮನುಷ್ಯ ಮೋಟಾರನ್ನು ತುಸು ನಡೆಸಿ ನಿಲ್ಲಿಸುವನು. ದಿಬ್ಬದ ಮೇಲಿನ ಹೊಲಕ್ಕೆ ಹೋಗುವ ಉದ್ದ ಪೈಪು ಅಷ್ಟರಲ್ಲಿ ತುಂಬಿರುತ್ತದೆ. ಸಪ್ಪಳ ಕೇಳಿ ಹೆಂಗಸರು ಬಂದು, ಪೈಪಿನಲ್ಲಿ ನಿಂತ ನೀರನ್ನು ನಳದಿಂದ ಮೆಲ್ಲಗೆ ತುಂಬಿಕೊಳ್ಳುವರು. ಆಮೇಲೆ ಕಬ್ಬಿಗೆ. ನಮ್ಮ ಪೆಟ್ಟಿಗೆ ಬಂದ ಮೇಲೆ ಗುಂಡಿ ಒತ್ತುವ ಮನುಷ್ಯನೇ ಇಲ್ಲವಾದ. ಹಿಂದೊಮ್ಮೆ ರಿಪೇರಿಗೆ ಬಂದ ಎತ್ತರದವರಿಗೆ ಅವಳು ಇದನ್ನು ಹೇಳಿದ್ದಳು. ಅವರು ಇಡೀ ದಿನ ಅಲ್ಲೇ ಕೂತರು. ಪೈಪು ತುಂಬಲು ಎಷ್ಟು ಹೊತ್ತು, ಬಾವಿಯ ತಳದ ಫುಟ್‌ವಾಲ್ವಿನಿಂದ ಸೋರಿ ಖಾಲಿಯಾಗಲು ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ನೋಡಿದರು. ವಸ್ತಿಯಿಂದ ಬಾವಿಗೆ ಅವಳೊಂದಿಗೆ ನಡೆದು ನೋಡಿದರು. ಮುಂದಿನ ವಾರ ಬಂದು ಪೆಟ್ಟಿಗೆ ಬಿಚ್ಚಿ ಏನೋ ಹಾಕಿಹೋದರು.

"ಅವತ್ತಿಂದ ಮಿಷಿನ್ ನಮ್ಮ ದಾರಿ ಕಾಯ್ತಿತ್ರಿ," ಎಂದಳು ಮುದುಕಿ. "ಈಗ ಒಂದ ತಿಂಗಳಾತು, ಅದಕ ಮಂದಿ ಗುರ್ತ ಸಿಗವಲ್ದು. ಒಮ್ಮೆ ಚಾಲೂ ಆತಂದ್ರ ಆತು, ನಿಂದ್ರಂಗಿಲ್ಲ. ನಾನೂ ಮೂರ ವಾರ ನೋಡಿ, ಚಾಲೂ ಇದ್ದಾಗನ ನಳ ತಿರುವಾಕ ಹೋದ್ನಿ." ಪ್ಲಾಸ್ಟರಿನ ಕೈಯನ್ನು ಸ್ವಲ್ಪ ಎತ್ತಿ ತೋರಿಸಿದಳು, ಬೈಯಲಿಲ್ಲ.

ನಾಲ್ಕು ತಾಸು, ಪೈಪು ಖಾಲಿಯಾಗಲು. ಎರಡು ನಿಮಿಷ, ತುಂಬಲು. ಹತ್ತು ನಿಮಿಷ, ಮುದುಕಿಯೊಬ್ಬಳು ಖಾಲಿ ಕೊಡ ಹಿಡಿದು ವಸ್ತಿಯಿಂದ ನಡೆದು ಬಂದು ತುಂಬಿಕೊಳ್ಳಲು. ನಾನು ಆಧಾರವಿಲ್ಲದ ಅಂಕಿಗಳು ಎಂದು ಉಪನ್ಯಾಸ ಕೊಟ್ಟದ್ದು ಇವುಗಳ ಬಗ್ಗೆ. ಎಲ್ಲೆಲ್ಲಿ ಇಂಥ ವಸ್ತಿ ಇದೆಯೋ ಗೊತ್ತಿಲ್ಲವೆಂದು ಅವನು ಆ ಷರತ್ತನ್ನು ಎಲ್ಲ ಪೆಟ್ಟಿಗೆಗಳಿಗೂ ಹಾಕಿದ್ದ. ನನಗೆ ಯಾಕೆ ಹೇಳಲಿಲ್ಲ ಎಂಬುದೂ ಆ ನೆರಳಿನಲ್ಲಿ ನಿಂತಾಗ ನೆನಪಾಯಿತು. ಯಾವಾಗಲೋ ಒಮ್ಮೆ ಅವನು ಆರಗದ ಬಸ್ಸಿಳಿದು ಬಂದು, ನಳದಲ್ಲಿ ನೀರು ತುಂಬುವವರ ಮಾತೆತ್ತಿದ್ದ. ಪೆಟ್ಟಿಗೆ ಕೊಂಡವರು ನಮ್ಮ ಗಿರಾಕಿ, ಕೊಡ ಹೊತ್ತು ಬರುವವರು ಅಲ್ಲ ಎಂದು ನಾನು ಬೆಸುಗೆ ಹಾಕುತ್ತ ತಲೆಯೆತ್ತದೆ ಹೇಳಿದ್ದೆ. ಅವನು ಮತ್ತೆ ಆ ಮಾತೆತ್ತಲಿಲ್ಲ. ಆಸ್ಪತ್ರೆಯಲ್ಲಿಯೂ ಕಾರಣ ಬರೆದಿದ್ದರೆ ನಾನು ಅದನ್ನು ಪುಣೆಯವರ ಮುಂದೆ ತೂಗಿ ನೋಡುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು. ಕಾರಣ ಕೇಳದೆ ನಾನು ಅವನ ಒಂದು ಮಾತು ಇಟ್ಟುಕೊಳ್ಳಬಹುದು ಎಂದು ನಂಬಿದ್ದ.

ಶೆಡ್ಡಿಗೆ ಬಂದು ಅದನ್ನು ಮತ್ತೆ ಹಾಕಿದೆ. ಬೇರೆಯದೇ ಒಂದು ಸಣ್ಣ ಭಾಗ ಮಾಡಿ, ಅದಕ್ಕೊಂದು ಹೆಸರಿಟ್ಟು, ಮುಖ್ಯ ದಾರಿಯಿಂದ ಒಂದೇ ಸಾಲಿನಲ್ಲಿ ಕರೆದೆ. ಎಲ್ಲೂ ಏನೂ ಕೊಳೆಯಾಗಲಿಲ್ಲ. ಒಂದು ಮಧ್ಯಾಹ್ನದ ಕೆಲಸ. ಅವನು ಬದುಕಿದ್ದಾಗಲೂ ಒಂದು ಮಧ್ಯಾಹ್ನದ್ದೇ ಆಗಿತ್ತು. ಪಕ್ಕದ ಟಿಪ್ಪಣಿಯಲ್ಲಿ ಕಾರಣ ಬರೆದೆ, ಊರ ಹೆಸರು ಸಮೇತ.

ಆರಗದ ಚಿಪ್ಪು ಬದಲಿಸಿ, ನಳ ಹಾಕಿಸಿಕೊಟ್ಟು, ಪುಣೆಗೆ ಫೋನು ಮಾಡಿದೆ. ಎಂಜಿನಿಯರು ಸೌಜನ್ಯದಿಂದಲೇ ಮಾತಾಡಿದ. ಪ್ರೋಗ್ರಾಮನ್ನು ಈಗ ತಮ್ಮವರೇ ನೋಡಿಕೊಳ್ಳುತ್ತಿದ್ದಾರೆ, ಎಲ್ಲರಿಗೂ ಓದಲು ಬರುವುದರಿಂದ ನಿಮಗೆ ತೊಂದರೆ ಕೊಡಬೇಕಾಗಿಲ್ಲ, ಎರಡು ಸಲ ಶುರು ಮಾಡಿಸುವುದಂತೂ ಆಗದ ಮಾತು ಎಂದ. ಪೆಟ್ಟಿಗೆಗಳು ಯಾವ ಯಾವ ಜಿಲ್ಲೆಗೆ ಹೋಗಿವೆ ಎಂದು ಕೇಳಿದೆ. ಅದು ಮಾರಾಟದವರ ವಿಷಯ ಎಂದ.

ಒಂದು ಬೆಳಿಗ್ಗೆ ಸಾಂಗಲಿಗೆ, ವೈನಿಯ ಮನೆಗೆ ಹೋದೆ. ಚಹಾ ಕೊಟ್ಟರು. ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಮುದುಕಿಯ ಕೈಯದನ್ನೂ ಹೇಳಿದೆ. ಅವರು ಹೊಸ್ತಿಲ ಬಳಿ ಕೂತು ಕೇಳಿದರು.

"ನೀವು ಕಾಗದ ತೋರ್ಸಿ ಹೋದ ದಿನ ಅವ್ರು ಹಾಲ ಕುಡೀಲಿಲ್ಲ," ಎಂದರು. "ನಾ ನೋವಿಗೆ ಅಂತ ತಿಳ್ಕೊಂಡಿದ್ನಿ."

ನಾನು ಚಹಾದ ಬಶಿ ಕೆಳಗಿಟ್ಟೆ.

"ಈಗ ಹಾಕೀರೇನು ಅದನ್ನ?"

"ಆರಗಕ್ಕ ಹಾಕೇನ್ರಿ. ನಮ್ಮ ಶೆಡ್ಡಿಂದ ಹೋದವು ಎಷ್ಟ ಅದಾವು, ಅಷ್ಟಕ್ಕೂ ಹುಡುಕಿ ಹಾಕ್ತೇನಿ."

"ಪುಣೇದವ್ರ ಮಾಡಿದ್ವಕ್ಕ?"

"ಅವು ನಮ್ಮ ಕೈಯಾಗ ಇಲ್ರಿ, ವೈನಿ."

ಅವರು ಎದ್ದು, ಕಪ್-ಬಶಿ ಎತ್ತಿಕೊಂಡು, "ಯಾ ಆತಾ," ಎಂದರು. ಇನ್ನು ಬನ್ನಿ ಎಂದು ಅರ್ಥ, ಅಂದರೆ ಹೊರಡಿ ಎಂದು. ಪೇಟೆಯ ಅಂಗಡಿಗಳಲ್ಲಿ ವ್ಯವಹಾರ ಮುಗಿದ ಗಿರಾಕಿಗೆ ಹೀಗೆಯೇ ಮರ್ಯಾದೆಯಿಂದ ಹೇಳುತ್ತಾರೆ. ಮದುವೆಯಾಗಿ ಬಂದ ದಿನದಿಂದ ವೈನಿ ನನ್ನೊಂದಿಗೆ ಒಂದು ಮಾತನ್ನೂ ಮರಾಠಿಯಲ್ಲಿ ಆಡಿದವರಲ್ಲ.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, ನಾನೂ ಮರಾಠಿಯಲ್ಲಿಯೇ, ಹೋಗಿ ಬರುತ್ತೇನೆಂಬ ಅರ್ಥದಲ್ಲಿ, "ಯೇತೋ" ಎಂದೆ.